ಸಂಬಂಧ: ಅಕ್ಕ

ಅಮದಳ್ಳಿ
ಜೂನ್ 4, 2025

ಅಕ್ಕ,

ನಾವೆಲ್ಲ ಕ್ಷೇಮ ಎಂದು ಶುರು ಮಾಡಬೇಕು. ಆದರೆ ಅಂಚೆ ಕಚೇರಿಯ ಕುರ್ಚಿಯಲ್ಲಿ ಕೂತು ಸುಳ್ಳು ಬರೆಯಲು ಮನಸ್ಸಾಗುವುದಿಲ್ಲ. ಮೈಗೇನೂ ಆಗಿಲ್ಲ, ಸಿಟ್ಟು ಮಾತ್ರ ನೆತ್ತಿಗೇರಿದೆ.

ನಿನ್ನ ಹಿಲ್ಲೂರಿನಲ್ಲಿ ಫೋನು ಸಿಗಬೇಕಾದರೆ ನೀನು ಶಾಲೆಯ ಹಿಂದಿನ ಗುಡ್ಡ ಹತ್ತಬೇಕು. ನಮ್ಮಲ್ಲಿ ಫೋನೇನೋ ಸಿಗುತ್ತದೆ, ಆದರೆ ನಾನು ಹಲೋ ಎಂದರೆ ಸಾಕು, ಅತ್ತೆ ಟಿವಿಯ ಸದ್ದು ತಗ್ಗಿಸಿ ಕಿವಿ ಇತ್ತ ಇಡುತ್ತಾರೆ. ಅದಕ್ಕೇ ಕಾಗದ. ನೀನೂ ಅಂಚೆ ಕಚೇರಿಯ ವಿಳಾಸಕ್ಕೇ ಬರೆ. ಊರಿನ ಪೋಸ್ಟ್ ಮಾಸ್ತರಿಣಿ ನಾನೇ, ಚೀಲ ಬಿಚ್ಚುವವಳೂ ನಾನೇ.

ವಿಷಯ ಇಷ್ಟು. ಕಳೆದ ವಾರ ಕಾರವಾರದಲ್ಲಿ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದರು. ಎರಡೂ ಗರ್ಭನಾಳ ಮುಚ್ಚಿಕೊಂಡಿವೆಯಂತೆ. ಔಷಧಿ ಒಂದು ಹನಿಯೂ ಆಚೆ ದಾಟಲಿಲ್ಲ. ಆರು ವರ್ಷ ನಾನು ತಿಂಗಳು ತಿಂಗಳೂ ದಿನ ಎಣಿಸಿದ್ದೇ ಬಂತು. ಹೊಸ ಡಾಕ್ಟರಮ್ಮ ಒಳ್ಳೆಯವಳು, ಚಿಕ್ಕ ಪ್ರಾಯ. "ಹೊಕ್ಕುಳ ಹತ್ರ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವಾ, ಆದ್ರೆ ಬಿಡಿಸುವಾ" ಎಂದಳು. ಜುಲೈ ಒಂಬತ್ತಕ್ಕೆ ಗೊತ್ತು ಮಾಡಿದ್ದೇವೆ.

ಅತ್ತೆಯ ಮಾತು ಕೇಳು: "ಬಾಣಂತನದಲ್ಲಿ ತವರ್ನವ್ರು ಎಂತ ತಿನ್ಸಿ ಕಳ್ಸಿದ್ರೋ ಏನೋ, ಹೊಟ್ಟೆಯೇ ಮುಚ್ಚೋಯ್ತು." ನನಗೆ ಉರಿದುಹೋಯಿತು. ಆಯಿ ಇಲ್ಲದ ಮನೆಯಲ್ಲಿ ನನ್ನ ಎರಡು ಬಾಣಂತನವನ್ನೂ ನೀನೊಬ್ಬಳೇ ಮಾಡಿದವಳು. ಎರಡನೇ ಮಗು ಒಂಬತ್ತನೇ ದಿನಕ್ಕೆ ಹೋದಾಗ ನನ್ನನ್ನು ಹಿಡಿದುಕೊಂಡು ಕೂತವಳೂ ನೀನೇ. "ನಮ್ಮಕ್ಕನ ಸುದ್ದಿಗೆ ಬಂದ್ರೆ ಸರಿ ಇರುದಿಲ್ಲ" ಎಂದು ಪಾತ್ರೆ ಕುಕ್ಕಿದೆ.

ಆಪರೇಶನ್ನಿಗೆ ನಾಲ್ಕು ದಿನ ರಜೆ ಹಾಕಿ ಬಾ. ಸಪ್ನಾ ಕೂಡ ದೊಡ್ಡಮ್ಮ ಯಾವಾಗ ಬರುತ್ತಾಳೆಂದು ಕೇಳುತ್ತಿದ್ದಾಳೆ.

ನಿನ್ನ
ನಾಗು


ಹಿಲ್ಲೂರು
ಜೂನ್ 13, 2025

ಪ್ರೀತಿಯ ನಾಗು,

ನಿನ್ನ ಕಾಗದ ಓದಿದೆ. ನನಗೆ ಸರಿ ಕಾಣಲಿಲ್ಲ, ನೇರವಾಗಿಯೇ ಹೇಳುತ್ತೇನೆ. ಈ ಆಪರೇಶನ್ ಬೇಡ.

ನಿನ್ನ ಹೊಟ್ಟೆಯ ಮೇಲೆ ಈಗಾಗಲೇ ಎರಡು ಸಲ ಕತ್ತರಿ ಆಡಿದೆ. ಆಯಿ ಮೂರನೇ ಹೆರಿಗೆಯಲ್ಲಿ ಹೋದಾಗ ನಿನಗೆ ನಾಲ್ಕು ವರ್ಷ, ನನಗೆ ಹನ್ನೊಂದು. ನಿನಗೆ ನೆನಪಿಲ್ಲ. ನನಗೆ ಆ ಕೋಣೆಯ ನೆಲ ಕೂಡ ನೆನಪಿದೆ. ಸಪ್ನಾ ಜಾಣೆ ಹುಡುಗಿ, ಅವಳೊಬ್ಬಳನ್ನು ಚೆನ್ನಾಗಿ ಓದಿಸಿದರೆ ಸಾಲದೇ? ಗಂಡು ಬೇಕೆಂದು ನಿನ್ನ ಅತ್ತೆ ಕುಣಿದರೆ ನೀನು ಯಾಕೆ ಹೆಜ್ಜೆ ಹಾಕಬೇಕು? ರಾಮನಾಥನಿಗೆ ಬೇಕಿದ್ದರೆ ನಾನು ಬಂದು ಮಾತಾಡುತ್ತೇನೆ. ಹೆಂಡತಿಯ ಜೀವಕ್ಕಿಂತ ಗಂಡು ಮಗು ದೊಡ್ಡದೇ ಎಂದು ಕೇಳುತ್ತೇನೆ.

ಮುಚ್ಚಿದ್ದು ದೇವರೇ ಮುಚ್ಚಿದ್ದಾನೆ ಎಂದುಕೊಂಡು ಬಿಟ್ಟುಬಿಡು.

ಶಾಲೆಯಲ್ಲಿ ನಾವಿಬ್ಬರೇ ಶಿಕ್ಷಕಿಯರು, ಜುಲೈನಲ್ಲಿ ರಜೆ ಸಿಗುವುದು ಕಷ್ಟ.

ನಿನ್ನ ಅಕ್ಕ
ಸುಗಂಧಾ


ಅಮದಳ್ಳಿ
ಜೂನ್ 20, 2025

ಅಕ್ಕ,

ದೇವರು ಮುಚ್ಚಿದ್ದು! ಮೂವತ್ತು ಮಕ್ಕಳಿಗೆ ವಿಜ್ಞಾನ ಕಲಿಸುವವಳು ಬರೆಯುವ ಮಾತೇ ಇದು? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುವುದು ಇದಕ್ಕೇ.

ಮತ್ತೆ, ಗಂಡು ಬೇಕು ಎಂದು ನಾನು ಎಲ್ಲಿ ಬರೆದೆ? ತೋರಿಸು. ನನ್ನ ಕಾಗದದಲ್ಲಿ ಇಲ್ಲದ್ದನ್ನು ನೀನೇ ಓದಿಕೊಂಡು ನೀನೇ ಉತ್ತರ ಕೊಟ್ಟಿದ್ದೀಯ. ಅತ್ತೆಗೆ ಗಂಡು ಬೇಕು, ಹೌದು. ಇವರಿಗೆ ಯಾವುದಾದರೂ ಆದೀತು. ನನಗೆ ಮಗು ಬೇಕು. ಆ ಒಂಬತ್ತು ದಿನ ಮಗು ಗಾಜಿನ ಪೆಟ್ಟಿಗೆಯಲ್ಲಿತ್ತು, ನಾನು ಹಾಲು ಹಿಂಡಿ ಬಚ್ಚಲಿಗೆ ಚೆಲ್ಲಿದೆ. ಒಂದು ಸಲವೂ ಎತ್ತಿಕೊಳ್ಳಲು ಕೊಡಲಿಲ್ಲ. ಅದರ ಬದಲಿಗೆ ಇನ್ನೊಂದು ಎಂದು ಅಲ್ಲ. ಆದರೆ ನನ್ನ ತೋಳಿಗೆ ಒಂದು ಮಗು ಬೇಕು ಎಂದು ಆರು ವರ್ಷದಿಂದ ಅನಿಸುತ್ತಿದೆ, ಅದನ್ನು ಹೇಳಲು ನಾಚಿಕೆ ಯಾಕೆ? ಸಂಕೇತ, ಭರತ ಎಂದು ಎರಡು ಮಕ್ಕಳನ್ನು ಹೆತ್ತು ಸಾಕಿಕೊಂಡವಳಿಗೆ ಒಂದು ಸಾಲದೇ ಎಂದು ಕೇಳುವುದು ಸುಲಭ.

ಸಿಟ್ಟಿನಲ್ಲಿ ಬರೆದೆ. ಇರಲಿ, ಕಾಗದ ಹರಿದು ಹಾಕುವುದಿಲ್ಲ.

ಒಂದು ಕೆಲಸ ಮಾಡು. ಡಾಕ್ಟರಮ್ಮ ಹಿಂದಿನ ಹೆರಿಗೆಯ ಕಾಗದಪತ್ರ ಕೇಳಿದ್ದಾಳೆ. ಅಂಕೋಲೆಯ ಆ ನರ್ಸಿಂಗ್ ಹೋಮಿನವರು ಬಿಡುವಾಗ ಕೊಟ್ಟದ್ದು ನಿನ್ನ ಟ್ರಂಕಿನಲ್ಲೇ ಇದೆ, ನೀಲಿ ಫೈಲು. ಕಂಡಕ್ಟರ್ ಮಂಜು ಕೈಯಲ್ಲಿ ಕೊಟ್ಟರೆ ಬಾಳೆಗುಳಿ ಕ್ರಾಸಿನಲ್ಲಿ ಕಾರವಾರದ ಬಸ್ಸಿಗೆ ದಾಟಿಸುತ್ತಾನೆ.

ನಾಗು


ಹಿಲ್ಲೂರು
ಜುಲೈ 1, 2025

ನಾಗು,

ಫೈಲು ಸಿಗಲಿಲ್ಲ. ಟ್ರಂಕಿನ ತಳಕ್ಕೆ ಗೆದ್ದಲು ಹಿಡಿದಿತ್ತು, ಕಾಗದವೆಲ್ಲ ತಿಂದು ಹಾಕಿದೆ. ಮಂಜು ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ, ಸಪ್ನಾಗೆ ಇಷ್ಟ.

ಇನ್ನೊಂದು ವರ್ಷ ತಡೆದರೆ ಏನು? ನಾನು ಬೇಡಿಕೊಳ್ಳುತ್ತೇನೆ ಎಂದು ತಿಳಿ. ಯಾಕೆ ಎಂದು ಕೇಳಬೇಡ.

ಅಕ್ಕ


ಅಮದಳ್ಳಿ
ಜುಲೈ 14, 2025

ಅಕ್ಕ,

ಇದನ್ನು ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಹೊಲಿಗೆ ಎಳೆಯುತ್ತಿದೆ, ಆದರೂ ಬರೆಯದೆ ಇರಲಾರೆ.

ಆಪರೇಶನ್ ಆಗಿ ನನಗೆ ಎಚ್ಚರಾದಾಗ ಡಾಕ್ಟರಮ್ಮ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು. "ನಾಗಶ್ರೀ, ನಿಮ್ಗೆ ಮೊದ್ಲೇ ಮಕ್ಕಳಾಗದ ಹಾಂಗೆ ಆಪರೇಶನ್ ಆಗಿತ್ತಲ್ಲ, ನಂಗೆ ಎಂತಕ್ಕೆ ಹೇಳ್ಲಿಲ್ಲ?" ಎಂದಳು. ನಾನು ಮಂಪರಿನಲ್ಲಿದ್ದೆ, ಬೇರೆ ಯಾರದೋ ಹಾಸಿಗೆ ಎಂದು ತಪ್ಪಿ ನನ್ನಲ್ಲಿಗೆ ಬಂದಿದ್ದಾಳೆ ಎಂದುಕೊಂಡೆ. "ನಂಗಲ್ಲ ಡಾಕ್ಟ್ರೇ" ಎಂದೆ. ಆಗ ಪಟ ತೋರಿಸಿದಳು. ಎರಡೂ ಟ್ಯೂಬು ನಟ್ಟನಡುವೆ ಕತ್ತರಿಸಿ ಕಟ್ಟಿದ್ದಾರೆ, ಅಕ್ಕ. ತಾವಾಗಿ ಮುಚ್ಚಿದ್ದಲ್ಲ. ರೋಗದಿಂದ ಅಲ್ಲ. ಯಾರೋ ಒಬ್ಬ ಮನುಷ್ಯ ನೂಲು ಹಿಡಿದು ಕಟ್ಟಿದ್ದಾನೆ.

"ನಿಮ್ಗೇ ಗೊತ್ತಿಲ್ದೇ ಇದ್ರೆ ಹ್ಯಾಂಗೆ ಅಂತ ನಾ ಮುಂದಕ್ಕೆ ಮುಟ್ಲೇ ಇಲ್ಲ, ಹಾಂಗೇ ಹೊಲ್ದು ಬಂದೆ" ಎಂದಳು.

ಎರಡನೇ ಸಿಸೇರಿಯನ್ ದಿನವೇ ಆಗಿರಬೇಕು, ಬೇರೆ ಯಾವಾಗ ನನ್ನ ಹೊಟ್ಟೆ ತೆರೆದಿತ್ತು? ಆವತ್ತು ನಾನು ಎಚ್ಚರವಿದ್ದೆ! ಬೆನ್ನಿಗೆ ಸೂಜಿ ಕೊಟ್ಟಿದ್ದರು, ಸೊಂಟದ ಕೆಳಗೆ ಮಾತ್ರ ಮರಗಟ್ಟಿತ್ತು. ಕಿವಿ ಕೇಳುತ್ತಿತ್ತು, ಬಾಯಿ ಇತ್ತು. ನರ್ಸುಗಳು ಯಾರದೋ ಮದುವೆಯ ಊಟದ ಸುದ್ದಿ ಮಾತಾಡುತ್ತಿದ್ದದ್ದು ಈಗಲೂ ನೆನಪಿದೆ. ಆ ಹಸಿರು ಪರದೆಯ ಈಚೆ ಒಂದು ಮೊಳ ಬಂದು, ನಾಗಶ್ರೀ, ಕಟ್ಟಲೇ ಬೇಡವೇ ಎಂದು ಕೇಳಲು ಯಾರಿಗೂ ನಾಲಿಗೆ ಇರಲಿಲ್ಲವೇ? ಈ ಡಾಕ್ಟರಮ್ಮ ನಾನು ಎಚ್ಚರಾಗಲಿ ಎಂದು ಕಾದಳು. ಅವರು ಎಚ್ಚರಿದ್ದವಳನ್ನೇ ಕೇಳಲಿಲ್ಲ.

ಆರು ವರ್ಷ ಅಕ್ಕ. ಆರು ವರ್ಷ ಹರಕೆ ಹೊತ್ತೆ, ಮಾತ್ರೆ ನುಂಗಿದೆ. ಹಳದಿಪುರದಿಂದ ಯಾರೋ ತಂದ ನಾರುಬೇರು ಅರೆದು ಕುಡಿದು ವಾಂತಿ ಮಾಡಿಕೊಂಡೆ. ಕಟ್ಟಿದ ಬಾಗಿಲಿನ ಮುಂದೆ ನಿಂತು ತಟ್ಟಿದ್ದೇ ತಟ್ಟಿದ್ದು!

ನಿನ್ನೆ ಇವರ ಮೇಲೆ ಹರಿಹಾಯ್ದೆ. ಫೋನಿನಲ್ಲಿ ನೀವೇ ಹೂಂ ಎಂದಿರಬೇಕು ಎಂದೆ. ಇವರು ಆಗ ಕೊಚ್ಚಿಯ ಹಡಗಿನ ಕೆಲಸದಲ್ಲಿದ್ದರಲ್ಲ. ಸಪ್ನಾ ತಲೆ ಮುಟ್ಟಿ ಆಣೆ ಮಾಡಿದರು. ನಾನು ಇನ್ನೂ ಪೂರ್ತಿ ನಂಬಿಲ್ಲ.

ನೀನು ಹೊರಗೇ ಇದ್ದೆಯಲ್ಲ. ಅವರು ಯಾರನ್ನು ಕೇಳಿದರು, ಯಾರು ಸಹಿ ಹಾಕಿದರು, ನೆನಪು ಮಾಡಿಕೊಂಡು ಕೂಡಲೇ ಬರೆ. ನಾನು ಅವರನ್ನು ಬಿಡುವುದಿಲ್ಲ.

ನಾಗು


ಅಮದಳ್ಳಿ
ಜುಲೈ 26, 2025

ಅಕ್ಕ,

ಹನ್ನೆರಡು ದಿನವಾಯಿತು, ನಿನ್ನ ಉತ್ತರವಿಲ್ಲ. ಟಪಾಲು ತಪ್ಪಿದೆ ಎನ್ನಬೇಡ, ಕೆಲಸಕ್ಕೆ ಮರಳಿದ ದಿನ ಆ ಚೀಲಕ್ಕೆ ಅರಗು ಹಾಕಿದವಳು ನಾನೇ. ಮಳೆಗೆ ಜ್ವರಗಿರ ಬಂದಿದೆಯೇ? ಹೆದರಿಕೆಯಾಗುತ್ತಿದೆ. ನಿನಗೆ ನೆನಪಿಲ್ಲದಿದ್ದರೆ ನೆನಪಿಲ್ಲ ಎಂದಾದರೂ ಬರೆ.

ಸೋಮವಾರ ಅಂಕೋಲೆಗೆ ನಾನೇ ಹೋಗುತ್ತಿದ್ದೇನೆ.

ನಾಗು


ಅಮದಳ್ಳಿ
ಜುಲೈ 31, 2025

ಸುಗಂಧಾ ಅಕ್ಕನಿಗೆ,

ಹೋಗಿದ್ದೆ. ದಾಖಲೆ ಕೋಣೆಯಲ್ಲಿದ್ದವನು ಕತ್ತೆತ್ತಿ ನೋಡಲೂ ಇಲ್ಲ. "ಗಂಡನ್ನ ಕರ್ಕಂಡು ಬನ್ನಿ, ಹೆಂಗಸ್ರಿಗೆ ಹಾಂಗೆಲ್ಲ ಕೊಡುದಿಲ್ಲ" ಎಂದ. "ಗಂಡನ ಹೊಟ್ಟೆ ಕೊಯ್ದಿದ್ರೆ ಅವ್ರೇ ಬರ್ತಿದ್ರು. ಕೊಯ್ದದ್ದು ನಂದು, ಕಾಗದ ತೆಗೀರಿ" ಎಂದೆ. ಹೊರಗೆ ಕೂತಿದ್ದ ಬಸುರಿಯರೆಲ್ಲ ತಿರುಗಿ ನೋಡಿದರು. ನೋಡಲಿ, ಅವರಿಗೂ ಗೊತ್ತಿರಲಿ. ಮಧ್ಯಾಹ್ನ ಮೂರರವರೆಗೆ ಬೆಂಚು ಬಿಟ್ಟು ಏಳಲಿಲ್ಲ. ಕೊನೆಗೆ ಜೆರಾಕ್ಸ್ ಕೊಟ್ಟರು.

ಎರಡು ಫಾರ್ಮ್ ಇವೆ. ಒಂದು ಸಿಸೇರಿಯನ್ನಿಗೆ. ಅದರಲ್ಲಿ ನನ್ನ ಸಹಿ, ಕೆಳಗೆ ನಿನ್ನದು. ಇನ್ನೊಂದರಲ್ಲಿ ರೋಗಿಯ ಸಹಿಯ ಜಾಗ ಖಾಲಿ. ಕೆಳಗೆ ನಿನ್ನ ಗುಂಡು ಗುಂಡು ಅಕ್ಷರ, ಶಾಲೆಯ ಹಾಜರಿ ಪುಸ್ತಕದಲ್ಲಿ ಹಾಕಿದ ಹಾಗೆ, ಒಂಚೂರೂ ನಡುಗಿಲ್ಲ. ಸಂಬಂಧ ಎಂದಿದ್ದ ಕಡೆ ಬರೆದಿದ್ದೀಯ: ಅಕ್ಕ.

ಇಂಗ್ಲಿಷಿನಲ್ಲಿತ್ತು, ತಿಳಿಯಲಿಲ್ಲ ಎನ್ನಬೇಡ. ಕನ್ನಡದಲ್ಲಿದೆ. ಇನ್ನು ಮುಂದೆ ಮಕ್ಕಳಾಗುವುದಿಲ್ಲ ಎಂದು ನನಗೆ ತಿಳಿಸಲಾಗಿದೆ ಎಂದಿದೆ. ನನಗೆ ಎಂದರೆ ಯಾರಿಗೆ, ಅಕ್ಕ? ನಿನಗೆ ತಿಳಿಸಿದರು!

ಈಗ ಎಲ್ಲ ಗೊತ್ತಾಯಿತು. ದೇವರು ಮುಚ್ಚಿದ್ದು ಗೊತ್ತಾಯಿತು, ಗೆದ್ದಲು ತಿಂದದ್ದೂ ಗೊತ್ತಾಯಿತು. ನಾನು ಒಂದು ರಿಜಿಸ್ಟರ್ ಟಪಾಲು ಕೊಡಬೇಕಾದರೂ ಹೆಸರಿದ್ದವರ ಸಹಿಯನ್ನೇ ಕೇಳುತ್ತೇನೆ. ಹೋದ ವರ್ಷ ನಮ್ಮೂರ ಹೊನ್ನಿಯ ಹೆಸರಿಗೆ ಬಂದ ಕಾಗದವನ್ನು ಅವಳ ಸ್ವಂತ ಅತ್ತೆ ಬಂದು ಕೇಳಿದರೂ ಕೊಡಲಿಲ್ಲ. ಬೈಸಿಕೊಂಡೆ, ಕೊಡಲಿಲ್ಲ. ಒಂದು ಲಕೋಟೆಗೆ ಇರುವಷ್ಟು ಬೆಲೆಯೂ ನನ್ನ ಮೈಗೆ ಇರಲಿಲ್ಲವೇ?

ನಿನ್ನ ಪರವಾಗಿ ಅತ್ತೆಯ ಹತ್ತಿರ ಆರು ವರ್ಷ ಜಗಳವಾಡಿದೆ. ಆ ಮುದುಕಿ ಕಣ್ಣು ಮುಚ್ಚಿ ಎಸೆದ ಕಲ್ಲು ಸರಿಯಾದ ಜಾಗಕ್ಕೇ ಬಿದ್ದಿತ್ತು. ಈಗ ಯಾವ ಮುಖ ಹೊತ್ತು ಅವರ ಎದುರು ತಿರುಗಲಿ?

ನಾಗಶ್ರೀ


ಹಿಲ್ಲೂರು
ಆಗಸ್ಟ್ 8, 2025

ನಾಗು,

ನೀನು ಬೈದದ್ದೆಲ್ಲ ಸರಿ. ಫೈಲನ್ನು ಗೆದ್ದಲು ತಿನ್ನಲಿಲ್ಲ. ಫೈಲು ಕೇಳಿದ ನಿನ್ನ ಕಾಗದ ಬಂದ ಸಂಜೆ ಬಚ್ಚಲ ಒಲೆಗೆ ಹಾಕಿದೆ. ಉತ್ತರ ಬರೆಯದೆ ಇದ್ದದ್ದು ಜ್ವರದಿಂದಲ್ಲ. ಪ್ರತಿ ದಿನ ಶಾಲೆ ಬಿಟ್ಟ ಮೇಲೆ ಹಾಳೆ ಹಿಡಿದು ಕೂರುತ್ತಿದ್ದೆ.

ಆವತ್ತು ಆದದ್ದು ಇದು. ಮಗು ಅಳಲಿಲ್ಲ, ಉಸಿರಾಟ ಸರಿ ಇಲ್ಲ ಎಂದು ಬಟ್ಟೆಯಲ್ಲಿ ಸುತ್ತಿ ಕಾರವಾರಕ್ಕೆ ಒಯ್ಯಲು ಗಾಡಿ ತರಿಸುತ್ತಿದ್ದರು. ಅಷ್ಟರಲ್ಲಿ ಡಾಕ್ಟರು ಬಾಗಿಲಿಗೆ ಬಂದರು. ಕೈಗವಸಿನಲ್ಲಿ ರಕ್ತ. "ರಕ್ತ ನಿಲ್ತಾ ಇಲ್ಲ. ಇವ್ಳಿಗೆ ಇನ್ನೊಂದ್ ಹೆರಿಗೆ ಆದ್ರೆ ಉಳಿಯುದಿಲ್ಲ. ಒಂದ್ ಗಂಡು ಒಂದ್ ಹೆಣ್ಣು ಆಯ್ತಲ್ಲ, ಹೊಟ್ಟೆ ತೆರ್ದೇ ಅದೆ, ಈಗ್ಲೇ ಕಟ್ಟುವಾ. ತವರ್ನವ್ರು ನೀವೇ ಅಲ್ದಾ, ಬೇಗ ಹೇಳಿ" ಎಂದರು. ನಮ್ಮಲ್ಲಿ ಬಾಣಂತನ ತವರಿನದು, ಆಸ್ಪತ್ರೆಯ ಕಾಗದವೂ ತವರಿನದೇ. ಸಪ್ನಾ ಹುಟ್ಟಿದಾಗಲೂ ನಾನೇ ಹಾಕಿದ್ದೆ, ಯಾರೂ ಏನೂ ಕೇಳಿರಲಿಲ್ಲ.

ಆಯಿಗೆ ರಕ್ತ ಹೋಗುತ್ತಿದ್ದಾಗ ಆಸ್ಪತ್ರೆಗೆ ಒಯ್ಯುವುದೋ ಬೇಡವೋ ಎಂದು ಕೇಳಲು ದೊಡ್ಡಪ್ಪ ಬರಲಿ ಎಂದು ಕಾದರು. ಅವರು ಸಂಜೆಯ ಬಸ್ಸಿಗೆ ಬಂದರು. ನಾನು ಮೆಟ್ಟಿಲ ಮೇಲೆ ಕೂತು ಆ ಬಸ್ಸು ಕಾದವಳು. ಆವತ್ತೇ ಅಂದುಕೊಂಡಿದ್ದೆ, ನನ್ನ ತಂಗಿಗೆ ಹೀಗಾದರೆ ನಾನು ಯಾರನ್ನೂ ಕಾಯುವುದಿಲ್ಲ. ಕಾಯಲಿಲ್ಲ. ನಿನ್ನನ್ನು ಕೂಡ ಕಾಯಲಿಲ್ಲ. ಪರದೆಯ ಆಚೆ ನೀನು ಎಚ್ಚರಿದ್ದೀಯ ಎಂದು ನನಗೆ ಹೊಳೆಯಲೇ ಇಲ್ಲ. ನಿನ್ನ ಕಾಗದ ಓದಿದ ಮೇಲೆ ಅದೊಂದೇ ಕಣ್ಣ ಮುಂದೆ ಬರುತ್ತಿದೆ.

ನೀನು ಸ್ವಲ್ಪ ಸುಧಾರಿಸಿದ ಮೇಲೆ ಹೇಳೋಣ ಎಂದಿದ್ದೆ. ಒಂಬತ್ತನೇ ದಿನ ಮಗು ಹೋಯಿತು. ಆಮೇಲೆ ಯಾವ ಬಾಯಿಂದ ಹೇಳಲಿ? ಒಂದು ದಿನ ತಪ್ಪಿತು, ಒಂದು ತಿಂಗಳು ತಪ್ಪಿತು.

ಒಂದು ವಿಷಯದಲ್ಲಿ ಮಾತ್ರ ಸುಳ್ಳು ಹೇಳಲಾರೆ. ಮುಚ್ಚಿಟ್ಟದ್ದಕ್ಕೆ ನಿನ್ನ ಕಾಲು ಹಿಡಿಯುತ್ತೇನೆ. ಆದರೆ ನೀನು ಬದುಕಿದ್ದೀಯಲ್ಲ, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಸುಗಂಧಾ


ಅಮದಳ್ಳಿ
ಆಗಸ್ಟ್ 22, 2025

ಅಕ್ಕ,

ನಿನ್ನ ಕಾಗದ ಹತ್ತು ಸಲ ಓದಿದೆ. ಎರಡು ಸಲ ಅಳು ಬಂತು, ಎಂಟು ಸಲ ಸಿಟ್ಟು ಬಂತು.

ರಕ್ತ ನಿಲ್ಲಿಸಲು ಸಹಿ ಹಾಕಿದ್ದರೆ ನಿನ್ನ ಕೈ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಟ್ಯೂಬು ಕಟ್ಟಿದರೆ ರಕ್ತ ನಿಲ್ಲುವುದಿಲ್ಲ ಅಕ್ಕ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಡಾಕ್ಟರಮ್ಮನನ್ನು ಕೇಳಿ ತಿಳಿದುಕೊಂಡೆ. ರಕ್ತಕ್ಕೆ ಬೇರೆ ಔಷಧಿ ಕೊಟ್ಟಿದ್ದಾರೆ, ಕಾಗದದಲ್ಲೇ ಇದೆ. ಕಟ್ಟುವುದನ್ನು ನಾಳೆ ಕೇಳಬಹುದಿತ್ತು, ಮುಂದಿನ ತಿಂಗಳು ಕೇಳಬಹುದಿತ್ತು. ನಿನ್ನ ಹೆದರಿಕೆ ನೋಡಿ ಅವರು ತಮ್ಮ ಕೆಲಸ ಸುಲಭ ಮಾಡಿಕೊಂಡರು. ಆಯಿಯನ್ನು ಕೊಂದದ್ದು ಕಾದದ್ದು ಎಂದು ನೀನು ತಿಳಿದಿದ್ದೀಯ. ನನಗೆ ಬೇರೆ ಕಾಣುತ್ತದೆ. ಆಸ್ಪತ್ರೆಗೆ ಒಯ್ಯಿರಿ ಎಂದು ಆಯಿ ಬಾಯಿಬಿಟ್ಟು ಹೇಳಿರಬೇಕು. ಅವಳ ಮಾತನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ದೊಡ್ಡಪ್ಪನ ಜಾಗದಲ್ಲಿ ಈ ಸಲ ನೀನು ಕೂತೆ, ಅಷ್ಟೇ.

ಇವರಿಗೆ ಹೇಳಿದೆ. ಎಗರಿದರು. "ನನ್ನ ಒಂದ್ ಮಾತ್ ಕೇಳ್ದೆ ನಿಮ್ಮಕ್ಕ ಹ್ಯಾಂಗೆ ಸಹಿ ಹಾಕದ್ಳು? ನಂಗೆ ಹಕ್ಕಿಲ್ವಾ?" ಹಿಲ್ಲೂರಿಗೆ ನಾಲ್ಕು ಜನರನ್ನು ಕರೆದುಕೊಂಡು ಬಂದು ಕೇಳುತ್ತೇನೆ ಎಂದರು. "ನಿಮ್ಮ ಹಕ್ಕು ಆಮೇಲೆ. ಮೊದ್ಲು ಹೊಟ್ಟೆ ಯಾರ್ದು ಹೇಳಿ" ಎಂದೆ. ಅವರ ಅಪ್ಪಣೆ ಕೇಳಲಿಲ್ಲ ಎಂದು ಅವರಿಗೆ ಸಿಟ್ಟು, ತವರಿನವರು ಮೋಸ ಮಾಡಿದರು ಎಂದು ಅತ್ತೆಗೆ ಸಿಟ್ಟು. ನನ್ನನ್ನು ಕೇಳಲಿಲ್ಲ ಎಂದು ಸಿಟ್ಟಾದವಳು ಈ ಮನೆಯಲ್ಲಿ ನಾನೊಬ್ಬಳೇ. ಇಲ್ಲ, ಸಪ್ನಾ ಕೂಡ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಆಯಿ, ನಿನ್ನನ್ನ ಎಬ್ಸಿ ಕೇಳುಕಾಗ್ತಿರ್ಲಿಲ್ವಾ?" ಎಂದಳು. "ನಾ ಎದ್ದೇ ಇದ್ದೆ ಮಗಾ" ಎಂದೆ. ಒಂಬತ್ತು ವರ್ಷದ ಹುಡುಗಿಗೆ ಹೊಳೆದದ್ದು ನಿಮಗೆ ಯಾರಿಗೂ ಹೊಳೆಯಲಿಲ್ಲ.

ಆ ನರ್ಸಿಂಗ್ ಹೋಮಿನ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಬರೆದಿದ್ದೇನೆ. ಅದರಲ್ಲಿ ನಿನ್ನ ಹೆಸರೂ ಇದೆ. ತೆಗೆಯಲೇ ಎಂದು ಒಂದು ರಾತ್ರಿ ಯೋಚಿಸಿದೆ, ತೆಗೆಯಲಿಲ್ಲ. ವಿಚಾರಣೆಗೆ ಕರೆದರೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಈಗ ಮುಖ್ಯ ಮಾತು. ಚೌತಿ ಮುಗಿದ ಮೇಲೆ, ಸೆಪ್ಟೆಂಬರ್ ಹನ್ನೆರಡಕ್ಕೆ ಹುಬ್ಬಳ್ಳಿಯಲ್ಲಿ ಮರುಜೋಡಣೆಯ ಆಪರೇಶನ್. ಡಾಕ್ಟರಮ್ಮನೇ ಅಲ್ಲಿಯವರಿಗೆ ಹೇಳಿದ್ದಾಳೆ. ಕಟ್ಟಿದ ತುದಿಗಳನ್ನು ಬಿಡಿಸಿ, ಕೂದಲಿಗಿಂತ ಸಣ್ಣ ನೂಲಿನಲ್ಲಿ ಹೊಲಿಯುತ್ತಾರಂತೆ. ಟ್ಯೂಬು ಸಾಕಷ್ಟು ಉದ್ದ ಉಳಿದಿದೆ. ಗರ್ಭ ನಿಲ್ಲುವುದು ಅರ್ಧಕ್ಕರ್ಧ ಎಂದು ಮುಖಕ್ಕೇ ಹೇಳಿದರು. ಟ್ಯೂಬಿನಲ್ಲೇ ನಿಂತುಬಿಡುವ ಅಪಾಯವನ್ನೂ, ಮೂರನೇ ಸಿಸೇರಿಯನ್ನಿನ ಅಪಾಯವನ್ನೂ ಹೇಳಿದರು, ನನ್ನ ಎದುರೇ ಹೇಳಿದರು. ನಾನು ಎರಡು ಪುಟ ಪ್ರಶ್ನೆ ಬರೆದುಕೊಂಡು ಹೋಗಿದ್ದೆ, ಒಂದನ್ನೂ ಬಿಡದೆ ಕೇಳಿದೆ. ಹೆದರಿಕೆ ನನಗೂ ಇದೆ. ಆದರೆ ಈ ಸಲ ಅದು ನಾನೇ ಆರಿಸಿಕೊಂಡ ಹೆದರಿಕೆ.

ನಿನ್ನನ್ನು ಕ್ಷಮಿಸಿದೆ ಎಂದು ತಿಳಿಯಬೇಡ. ಮುಂದೆ ಯಾವತ್ತಾದರೂ ಆದೀತೋ ಏನೋ, ಈಗ ಇಲ್ಲ. ಆದರೂ ಆಪರೇಶನ್ ಕೋಣೆಯಿಂದ ಹೊರಗೆ ಬಂದಾಗ ಅಲ್ಲಿ ಯಾರಿರಬೇಕು ಎಂದು ಯೋಚಿಸಿದರೆ ನಿನ್ನ ಮುಖವೇ ಬರುತ್ತದೆ, ಅದಕ್ಕೆ ನಾನೇನು ಮಾಡಲಿ? ನನಗೆ ಬೇರೆ ಆಯಿ ಇಲ್ಲ. ರಜೆ ಹಾಕಿ ಬಾ. ಗಂಜಿ ಮಾಡಿ ಕೊಡು, ತಲೆ ಬಾಚು.

ಈ ಕಾಗದವನ್ನು ರಿಜಿಸ್ಟರ್ ಮಾಡಿದ್ದೇನೆ. ಮುಂದಿನ ತಿಂಗಳಿಂದ ರಿಜಿಸ್ಟರ್ ಎಂಬುದೇ ಇರುವುದಿಲ್ಲವಂತೆ, ಎಲ್ಲ ಸ್ಪೀಡ್ ಪೋಸ್ಟಿಗೆ ಸೇರುತ್ತದೆ. ನಿಮ್ಮ ಕಡೆಯ ಪೋಸ್ಟ್‌ಮನ್ ತಿಮ್ಮುಗೆ ಫೋನು ಮಾಡಿ ನಿನ್ನ ಶಾಲೆಯ ಹೆಡ್‌ಮಿಸ್ ಕೈಗೂ ಕೊಡಬೇಡ ಎಂದು ಹೇಳಿದ್ದೇನೆ. ನಿನ್ನ ಹೆಸರಿಗೆ ಬಂದದ್ದು, ನೀನೇ ಸಹಿ ಹಾಕಿ ತಗೋ. ಹುಬ್ಬಳ್ಳಿಯಲ್ಲಿ ನನ್ನ ಹೆಸರಿನ ಕಾಗದಕ್ಕೆ ನಾನು ಹಾಕುತ್ತೇನೆ. ನೀನು ಪಕ್ಕದಲ್ಲಿ ಕೂತು ನೋಡು.

ನಾಗು